ಕಾಲಾಣೆ, ಏಪ್ರಿಲ್ ಒಂದು

ಇಪ್ಪತ್ತು ವರ್ಷ ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿದ್ದ ಬಿಸ್ಕತ್ತಿನ ಡಬ್ಬವನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಹೋದ ವರ್ಷ ಒಂದು ಭಾನುವಾರ ಸಂಜೆ ಅದರೊಳಗಿನ ಮಾಲಿನ ಬೆಲೆ 1,86,400 ರೂಪಾಯಿ ಅಂತ ನನ್ನ ಫೋನು ಹೇಳಿತು. ಬುದ್ಧಿಗೇಡಿ ನಾನು, ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೊದಲು ಸಾಲಾಗಿ ಹೆಬ್ಬೆರಳು ಬಂದವು, ಆಮೇಲೆ ಹಾರ, ಆಮೇಲೆ ಲಕ್ಷ್ಮಿ ಫೋಟೋ. ರಾತ್ರಿ ಒಂಬತ್ತಕ್ಕೆ ಚಿಕ್ಕಪ್ಪನ ಮೆಸೇಜು ಬಂತು: "ಡಬ್ಬ ನಮ್ಮಪ್ಪಂದು. ಅದೂ ಪಾಲಾಗ್ಬೇಕು ಅಲ್ವಾ?"

ಆಮೇಲೆ ಗ್ರೂಪಿನಲ್ಲಿ ಯಾರೂ ಮಾತಾಡಲಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಈ ಮೌನ ಏನು ಅಂತ ಗೊತ್ತಿರುತ್ತೆ. ಅಪ್ಪ ಮತ್ತು ಚಿಕ್ಕಪ್ಪ ಜಮೀನು ಪಾಲು ಮಾಡಿಕೊಂಡಾಗಲೂ ಒಂದು ದಿನ ಮಾತು ಬಿಟ್ಟಿರಲಿಲ್ಲ. ಒಂದು ಆಪಿನ ಕೆಳಗಿನ ಮೂಲೆಯಲ್ಲಿದ್ದ ಒಟ್ಟು ಮೊತ್ತದಿಂದಾಗಿ ಮೂರು ವಾರ ಮಾತು ಬಿಟ್ಟರು.

ಹಾಗಾಗಿ ನಾಣ್ಯ ಸಂಗ್ರಹಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅನ್ನುವ ಈ ವಿಮರ್ಶೆಯನ್ನು ನಾನು ತಣ್ಣಗೆ ಕೂತು ಬರೆದದ್ದಲ್ಲ, ಮೊದಲೇ ಹೇಳಿಬಿಡ್ತೀನಿ.

ತಾತ ಶ್ರೀರಂಗಪಟ್ಟಣದ ಹತ್ತಿರ ನಮ್ಮೂರಲ್ಲಿ ಚಿಲ್ಲರೆ ಅಂಗಡಿ ಇಟ್ಟಿದ್ದರು. ಗಲ್ಲಾಪೆಟ್ಟಿಗೆಗೆ ಬಂದ ಕಾಸಿನಲ್ಲಿ ವಿಚಿತ್ರ ಅನ್ನಿಸಿದ್ದನ್ನೆಲ್ಲ ಡಬ್ಬಕ್ಕೆ ಹಾಕೋರು. ರಾಜರಾಣಿಯರ ತಲೆಯ ಕಾಲಾಣೆಗಳು, ಯುದ್ಧದ ಕಾಲದ ತೂತಿನ ಕಾಸು, ನಯಾಪೈಸೆ, ಅಜ್ಜಿ ಪೂಜೆಗೆ ಎತ್ತಿಟ್ಟು ಮರೆತ ಕಮಲದ ಹಳದಿ ಇಪ್ಪತ್ತು ಪೈಸೆ, ಸವೆದು ಬೋಳಾದ ಆನೆ ಕಾಸು. ಎಲ್ಲ ಸೇರಿ 214. ಸಂಗ್ರಹ ಅನ್ನೋದು ದೊಡ್ಡ ಮಾತು, ಇದು ಶೇಖರಣೆ ಅಷ್ಟೇ. ನಾನು ಎಂಜಿನಿಯರು. 214 ವಸ್ತು ಕಂಡರೆ ಟೇಬಲ್ ಮಾಡಬೇಕು ಅನ್ನಿಸುತ್ತೆ.

ಮೊದಲು ಹಿಡಿದದ್ದು ಫೋನಿನ ಆಪು. ಹೆಸರು ಬೇಡ, ಇಂಥವು ಡಜನ್ ಇವೆ, ಸ್ವಭಾವ ಒಂದೇ. ನಾಣ್ಯದ ಫೋಟೋ ತೆಗೆದರೆ ಸಾಕು, ಯಾವ ದೇಶ, ಯಾವ ರಾಜ, ಯಾವ ಇಸವಿ ಅಂತ ಅದೇ ಹೇಳುತ್ತೆ. ನೋಡೋಕೆ ಜಾದೂ. ಹೊಳೆಯುವ ಹೊಸ ನಾಣ್ಯಗಳನ್ನು ಸರಿಯಾಗೇ ಹಿಡಿಯಿತು. ಆಮೇಲೆ ಬೋಳು ಆನೆಯನ್ನು ತೋರಿಸಿದೆ. ಎರಡು ಸೆಕೆಂಡು ಯೋಚಿಸಿ "ಟಿಪ್ಪು ಸುಲ್ತಾನ್, ಒಂದು ಪೈಸೆ" ಅಂದಿತು.

ಇರಬಹುದು. ಇಲ್ಲದೆಯೂ ಇರಬಹುದು. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ ಇದೆ, ಹಿಂದೆ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲೂ ಆನೆಯೇ ಇದೆ, ಮೇಲೆ ಸೂರ್ಯಚಂದ್ರ, ಹಿಂದೆ ಕನ್ನಡದಲ್ಲಿ ಮಯಿಲಿ ಕಾಸು ಅಂತ. ಹಿಂಬದಿ ಅಳಿಸಿಹೋಗಿ ಆನೆಯ ಬೆನ್ನು ಮಾತ್ರ ಉಳಿದಿದ್ದರೆ ಯಾರ ಆನೆ ಅಂತ ಹೇಳೋದು ಹೇಗೆ? ತಜ್ಞರು ತೂಕ ನೋಡಿ, ಅಂಚು ನೋಡಿ, ಆಮೇಲೆ ಬಾಯಿ ಬಿಡ್ತಾರೆ. ಆಪಿಗೆ ಆ ಸಂಕೋಚ ಇಲ್ಲ. ರಾಜನ ಹೆಸರಿನ ಪಟ್ಟಿಯಲ್ಲಿ "ಗೊತ್ತಿಲ್ಲ" ಅನ್ನೋ ಆಯ್ಕೆಗಾಗಿ ಕೆಳಗಿನ ತನಕ ಎಳೆದು ನೋಡಿದೆ. ಇರಲಿಲ್ಲ.

ಅದಕ್ಕಿಂತ ಅಪಾಯದ್ದು ಅದರ ಮುಂದಿನ ಖಾನೆ, ನಾಣ್ಯದ ಸ್ಥಿತಿ. ಸಂಗ್ರಾಹಕರು ಸವೆತ ನೋಡಿ ದರ್ಜೆ ಕೊಡ್ತಾರೆ, ಚಲಾವಣೆಯನ್ನೇ ಕಾಣದ್ದು ಯು.ಎನ್.ಸಿ., ಸ್ವಲ್ಪ ಸವೆದದ್ದು ವಿ.ಎಫ್., ಹೀಗೆ ಕೆಳಗಿಳಿಯುತ್ತೆ. ಒಂದೇ ನಾಣ್ಯಕ್ಕೆ ದರ್ಜೆ ಬದಲಾದರೆ ಬೆಲೆ ಎಷ್ಟೋ ಪಟ್ಟು ಬದಲಾಗುತ್ತೆ. ಈ ಆಪಿನಲ್ಲಿ ದರ್ಜೆ ಆರಿಸದೆ ಸೇವ್ ಬಟನ್ ಒತ್ತೋಕಾಗಲ್ಲ, ಮತ್ತೆ ಅದು ತಾನಾಗೇ ವಿ.ಎಫ್. ಅಂತ ತುಂಬಿಟ್ಟಿರುತ್ತೆ. 214 ನಾಣ್ಯ, ರಾತ್ರಿ ಹನ್ನೆರಡು ಗಂಟೆ, ನನಗೆ ನಿದ್ದೆ. ಎಲ್ಲಕ್ಕೂ ಅದು ಹೇಳಿದ್ದನ್ನೇ ಒಪ್ಪಿಕೊಂಡೆ. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯಲ್ಲಿ ಉರುಳಾಡಿದ ಕಾಸುಗಳು ಒಂದೇ ರಾತ್ರಿಯಲ್ಲಿ "ತುಂಬ ಚೆನ್ನಾಗಿವೆ" ಅನ್ನಿಸಿಕೊಂಡವು. ಆ ಸುಳ್ಳನ್ನು ಕೂಡಿಸಿ ಕೂಡಿಸಿ ಕೆಳಗೆ ಮೊತ್ತ ಬಂತು. ಕೂಡಿದ್ದು ಸರಿಯಾಗಿಯೇ ಇತ್ತು ಅನ್ನೋದೇ ತಮಾಷೆ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹಳೇ ಜಗಳ ಇದೆ. ಡೇಟಾಬೇಸಿನಲ್ಲಿ ಒಂದು ಖಾನೆ ಖಾಲಿ ಇದ್ದರೆ ಅದರರ್ಥ "ಇಲ್ಲ" ಅಂತಲೋ, "ಗೊತ್ತಿಲ್ಲ" ಅಂತಲೋ? ಇವೆರಡೂ ಬೇರೆ ಅಂತ ಕೋಡ್ ರಿವ್ಯೂನಲ್ಲಿ ಎಷ್ಟು ಹುಡುಗರ ಹತ್ತಿರ ಕಿತ್ತಾಡಿದ್ದೀನೋ ಲೆಕ್ಕ ಇಲ್ಲ. ನಾಣ್ಯಗಳಲ್ಲಿ ಈ ಜಗಳಕ್ಕೆ ಸಾಕ್ಷಾತ್ ಉದಾಹರಣೆ ನಿಮ್ಮ ಜೇಬಿನಲ್ಲೇ ಇದೆ. ಒಂದು ರೂಪಾಯಿ ತೆಗೆದು ಇಸವಿಯ ಕೆಳಗೆ ನೋಡಿ. ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದು, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ? ಕಲ್ಕತ್ತ. ಕಲ್ಕತ್ತದವರು ಗುರುತು ಹಾಕಲ್ಲ. ಅಂದರೆ ಟಂಕಸಾಲೆಯ ಗುರುತಿನ ಖಾನೆ ಖಾಲಿ ಬಿಟ್ಟರೆ ಅದು ಕಲ್ಕತ್ತದ ನಾಣ್ಯವೋ, ನಾನು ಕನ್ನಡಕ ಹಾಕಿಕೊಂಡು ನೋಡದ ನಾಣ್ಯವೋ ಅಂತ ಆರು ತಿಂಗಳಾದ ಮೇಲೆ ನನಗೇ ಗೊತ್ತಾಗಲ್ಲ. ಇನ್ನು 1985ರ ಕೆಲವು ರೂಪಾಯಿಗಳಲ್ಲಿ ಇಸವಿ ಕೆಳಗೆ ಎಚ್ ಅಂತ ಇಂಗ್ಲಿಷ್ ಅಕ್ಷರ ಇರುತ್ತೆ, ಅವನ್ನು ಅಚ್ಚು ಹಾಕಿದ್ದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆ. ಭಾರತದ ನಾಣ್ಯ ಅಂದಮಾತ್ರಕ್ಕೆ ಭಾರತದ್ದೇ ಟಂಕಸಾಲೆ ಅಂದುಕೊಂಡು ನಾಲ್ಕೇ ಆಯ್ಕೆ ಕೊಡುವ ಆಪಿಗೆ ಆ ಅಕ್ಷರವನ್ನು ಇಡೋಕೆ ಜಾಗ ಇರಲ್ಲ.

ನಾಣ್ಯದ ಸಾಫ್ಟ್‌ವೇರನ್ನು ನಾನು ಈಗ ಅಳೆಯೋದು ಈ ಒಂದೇ ಅಳತೆಗೋಲಿನಲ್ಲಿ: ಗೊತ್ತಿಲ್ಲ ಅನ್ನೋಕೆ ಬಿಡುತ್ತಾ, ಇಲ್ವಾ. ಚೆಂದದ ಗ್ರಾಫು, ಕಪ್ಪು ಥೀಮು ಎಲ್ಲ ಆಮೇಲೆ.

ಗ್ರೂಪಿನ ಮೌನ ಶುರುವಾದ ವಾರ ಆಪು ಬಿಟ್ಟು ಎಕ್ಸೆಲ್‌ಗೆ ಹೋದೆ. ಸಾಫ್ಟ್‌ವೇರಿನವರ ಕೊನೆಯ ತವರುಮನೆ ಅದು. (ಆಪಿನಿಂದ ಹೊರಗೆ ಬರೋದೇ ಕಷ್ಟ ಆಯ್ತು. ಉಚಿತ ಖಾತೆಯವರಿಗೆ ನಮ್ಮ ಪಟ್ಟಿ ನಮಗೇ ಪಿಡಿಎಫ್ ಆಗಿ ಸಿಗುತ್ತೆ, ಟೇಬಲ್ ಆಗಿ ಬೇಕಂದರೆ ವರ್ಷದ ಚಂದಾ. ನಮ್ಮ ಕಾಸಿನ ಲೆಕ್ಕ ನೋಡೋಕೆ ಕಾಸು.) ಎಲ್ಲವನ್ನೂ ಕೈಯಲ್ಲೇ ಮತ್ತೆ ಬರೆದೆ. ಮೊದಲ ನಾಣ್ಯ ವಿಕ್ಟೋರಿಯಾ ರಾಣಿಯ ಕಾಲಾಣೆ. ಮುಖಬೆಲೆಯ ಖಾನೆಯಲ್ಲಿ 1/4 ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಅದು ಏಪ್ರಿಲ್ 1 ಆಯಿತು. ಆಣೆಯ ಹನ್ನೆರಡನೇ ಒಂದು ಭಾಗದ ಪೈ ಕಾಸು 1/12, ಅದು ಡಿಸೆಂಬರ್ 1. ಅರ್ಧಾಣೆ ಫೆಬ್ರವರಿ 1.

ಎಕ್ಸೆಲ್‌ಗೆ ಇತಿಹಾಸ ಗೊತ್ತೋ ಏನೋ. ನಮ್ಮ ದೇಶದಲ್ಲಿ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಅನ್ನೋ ಲೆಕ್ಕ ಹೋಗಿ ನೂರು ನಯಾಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ಕ್ಕೇ. ಕಾಲಾಣೆಯನ್ನು ಅದರ ತಿಥಿಯ ದಿನಕ್ಕೇ ಬದಲಾಯಿಸಿಕೊಟ್ಟಿತಲ್ಲ ಅಂತ ಒಬ್ಬನೇ ನಕ್ಕೆ. ಹೆಂಡತಿ ಬಂದು ಏನಾಯ್ತು ಅಂತ ನೋಡಿ ಹೋದಳು.

ಕಾಲಂ ಅನ್ನು ಟೆಕ್ಸ್ಟ್ ಮಾಡಿದರೆ ಈ ತೊಂದರೆ ಹೋಗುತ್ತೆ, ಗೊತ್ತು. ಆದರೆ ಇಸವಿಯ ತೊಂದರೆ ಹಾಗೆ ಹೋಗಲ್ಲ. ಓದಲಿಕ್ಕೆ ಬರುವಂಥ ಒಂದು ಟಿಪ್ಪು ಕಾಸು ಡಬ್ಬದಲ್ಲಿತ್ತು. ಅದರ ಇಸವಿ 1224. ಅದು ಕ್ರಿಸ್ತಶಕವಲ್ಲ, ಹಿಜರಿಯೂ ಅಲ್ಲ, ಟಿಪ್ಪು ತಾನೇ ಚಾಲ್ತಿಗೆ ತಂದ ಮೌಲೂದಿ ಶಕ. ಆ ಶಕಕ್ಕೆ ಬಂದ ಮೇಲೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಅದಕ್ಕೆ ಪರ್ಷಿಯನ್ ಅಂಕಿ ಕಲಿತುಕೊಂಡು ನಮ್ಮ ಹಾಗೆ ಎಡದಿಂದ ಓದಿದವನಿಗೆ ಕಾಣೋದು 4221. ನಮ್ಮ ಲೆಕ್ಕದಲ್ಲಿ ಅದು 1790ರ ದಶಕ. ನಾನು 1224 ಅಂತ ಬರೆದು ಇಸವಿವಾರು ಜೋಡಿಸಿದೆ, ಟಿಪ್ಪು ವಿಜಯನಗರಕ್ಕಿಂತ ಹಳಬನಾಗಿ ಎಲ್ಲರಿಗಿಂತ ಮೇಲೆ ಹೋಗಿ ಕೂತ. ಇದು ಎಕ್ಸೆಲ್ಲಿನ ತಪ್ಪಲ್ಲ. ನಾಣ್ಯದ ಮೇಲೆ ಏನು ಬರೆದಿದೆ ಅನ್ನೋದು ಒಂದು ಖಾನೆ, ಅದರರ್ಥ ಏನು ಅನ್ನೋದು ಇನ್ನೊಂದು ಖಾನೆ ಅಂತ ನನಗೆ ಹೊಳೆಯಬೇಕಿತ್ತು.

ಅದು ಹೊಳೆದಿದ್ದು ನ್ಯೂಮಿಸ್ಟಾದವರಿಗೆ. 2007ರಿಂದ ಇರೋ ಉಚಿತ ಆನ್‌ಲೈನ್ ಕ್ಯಾಟಲಾಗು ಅದು, ಸಂಗ್ರಾಹಕರೇ ಸೇರಿ ತುಂಬಿಸಿದ್ದು, ವಿಕಿಪೀಡಿಯದ ಅಣ್ಣತಮ್ಮಂದಿರ ಹಾಗೆ. ಯಾರಾದರೂ ತಿದ್ದುಪಡಿ ಹಾಕಿದರೆ ಆ ದೇಶದ ನಾಣ್ಯ ಬಲ್ಲ ಸ್ವಯಂಸೇವಕರು ನೋಡಿ ಒಪ್ಪಬೇಕು. ಅಲ್ಲಿ ಮೈಸೂರಿನ ನಾಣ್ಯಗಳಿಗೆ ಹೋದರೆ ನಾಣ್ಯದ ಮೇಲಿನ ಇಸವಿ ಇರುತ್ತೆ, ಪಕ್ಕದಲ್ಲೇ ಇಂಗ್ಲಿಷ್ ಇಸವಿ. ತೂಕ, ವ್ಯಾಸ, ಲೋಹ ಎಲ್ಲ ಕೊಟ್ಟಿರ್ತಾರೆ. ನಾಣ್ಯ ಗುರುತಿಸೋ ವಿಷಯದಲ್ಲಿ ನಾನು ನೋಡಿದ್ದರಲ್ಲಿ ಇದಕ್ಕೆ ಸಾಟಿ ಇಲ್ಲ. ಆಪು ನನ್ನ ಪರವಾಗಿ ನೋಡುತ್ತಿತ್ತು, ಇದು ನನ್ನ ಕೈಯಲ್ಲೇ ನೋಡಿಸುತ್ತೆ. ಒಂದು ಪುಟ್ಟ ಡಿಜಿಟಲ್ ತಕ್ಕಡಿ ಮತ್ತೆ ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತ ಇಟ್ಟುಕೊಂಡು ಎರಡು ಶನಿವಾರ ಕೂತೆ. ಬೆಳ್ಳಿ ರೂಪಾಯಿ ಅಂದರೆ 11.66 ಗ್ರಾಂ, ಒಂದು ತೊಲ. ಹುಲಿ ಇರೋ 1947ರ ರೂಪಾಯಿಯನ್ನು ಅಜ್ಜಿ ಕೊನೆತನಕ ಬೆಳ್ಳಿ ಅಂತಲೇ ನಂಬಿದ್ದರು. ಆಯಸ್ಕಾಂತ ಹತ್ತಿರ ತಂದರೆ ಟಪ್ ಅಂತ ಅಂಟಿಕೊಂಡಿತು. ಅದು ನಿಕ್ಕಲ್. ಯುದ್ಧದ ಖರ್ಚಿಗೆ 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿದು, ಕೊನೆಗೆ ಬೆಳ್ಳಿಯೇ ಹೋಗಿತ್ತು.

ಇನ್ನೊಂದು ಬಹಳ ಮುಖ್ಯದ್ದು ಅಲ್ಲೇ ಬಯಲಾಯಿತು. ಆಪಿನ 1,86,400ರಲ್ಲಿ ಸುಮಾರು ಅರ್ಧದಷ್ಟು ಒಂದೇ ನಾಣ್ಯದ ಬೆಲೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಕಾಲಬಳಿ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818. ನ್ಯೂಮಿಸ್ಟಾದಲ್ಲಿ ಕಂಪನಿಯ ನಾಣ್ಯಗಳ ಪಟ್ಟಿಯೆಲ್ಲ ಜಾಲಾಡಿದೆ, ಸಿಗಲಿಲ್ಲ. ಸಿಕ್ಕಿದ್ದು ಪದಕ, ಟೋಕನ್‌ಗಳನ್ನು ಇಟ್ಟಿರೋ ಬೇರೆ ವಿಭಾಗದಲ್ಲಿ. ಕಂಪನಿ ಇಂಥ ನಾಣ್ಯ ಅಚ್ಚು ಹಾಕಿಸಿಯೇ ಇಲ್ಲ. 1835ರ ತನಕ ಬಂಗಾಳ, ಬೊಂಬಾಯಿ, ಮದರಾಸು ಮೂರಕ್ಕೂ ಬೇರೆ ಬೇರೆ ನಾಣ್ಯ ಇದ್ದವು, ಅದಾದ ಮೇಲೆ ದೇಶಕ್ಕೆಲ್ಲ ಒಂದೇ ನಮೂನೆ ಬಂತು, ಎರಡು ಕಾಲದಲ್ಲೂ ಈ ರಾಮಹನುಮಂತರು ಇಲ್ಲ. ಇವು ಆಮೇಲೆ ಯಾರೋ ಮಾಡಿ ಮಾರಿದ ಟಂಕಗಳು. ಇಸವಿಯೂ 1616, 1717, 1818 ಅಂತ ಫ್ಯಾನ್ಸಿ ನಂಬರ್ ಪ್ಲೇಟಿನ ಹಾಗಿರುತ್ತೆ. ಅಕ್ಕಿಕಾಳು ಎಳೆಯುತ್ತೆ, ಕೋಟಿ ಬೆಲೆ ಅಂತೆಲ್ಲ ನಂಬಿಸಿ ಇವತ್ತಿಗೂ ಟೋಪಿ ಹಾಕ್ತಾರೆ, ಹುಷಾರು.

ಅಂದರೆ ಅಪ್ಪ ಮತ್ತು ಚಿಕ್ಕಪ್ಪ ಮಾತು ಬಿಟ್ಟಿದ್ದರಲ್ಲಿ ಅರ್ಧ ಭಾಗ ಹುಟ್ಟದೇ ಇದ್ದ ನಾಣ್ಯಕ್ಕೆ.

ಹಾಗಾದರೆ ನ್ಯೂಮಿಸ್ಟಾದಲ್ಲೇ ಲೆಕ್ಕ ಇಡಬಹುದಲ್ಲ? ಇಡಬಹುದು, ನಮ್ಮ ಪಟ್ಟಿಯನ್ನು ಟೇಬಲ್ ಆಗಿ ಇಳಿಸಿಕೊಳ್ಳೋಕೂ ಬಿಡ್ತಾರೆ. ನನ್ನ ಅಡ್ಡಿ ಬೇರೆ. ಅಲ್ಲಿ ಮೊದಲು ನಾಣ್ಯದ ಪುಟ ಹುಡುಕಬೇಕು, ಆಮೇಲೆ "ಇದು ನನ್ನ ಹತ್ತಿರ ಇದೆ" ಅನ್ನಬೇಕು. ಯಾವುದು ಅಂತ ಗೊತ್ತಿದ್ದರೆ ಸರಿ. ನನ್ನ ಬೋಳು ಆನೆ ಯಾವ ಪುಟಕ್ಕೆ ಹೋಗಬೇಕು? ಕ್ಯಾಟಲಾಗಿಗೆ ತನ್ನ ನಾಣ್ಯಗಳ ಬಗ್ಗೆ ಗೊತ್ತು, ನನ್ನ ಡಬ್ಬದ ಬಗ್ಗೆ ಗೊತ್ತಿರೋಕೆ ಸಾಧ್ಯವಿಲ್ಲ. ಜೊತೆಗೆ ಅಲ್ಲಿ ದೇಶವಿದೇಶದವರ ಜೊತೆ ನಾಣ್ಯ ವಿನಿಮಯ ಮಾಡಿಕೊಳ್ಳೋ ಸೌಲಭ್ಯ ಇದೆ. ಖುಷಿಯಾಗಿ ಆನೆ ಕಾಸನ್ನು ಫ್ರಾನ್ಸಿಗೆ ಪೋಸ್ಟ್ ಮಾಡೋಕೆ ಹೊರಡೋರು ನೆನಪಿಡಿ, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ನಾವು ನೀವು ಅದನ್ನು ದೇಶದ ಹೊರಗೆ ಕಳಿಸೋ ಹಾಗಿಲ್ಲ. ಆ ಬಟನ್ ಪಕ್ಕದಲ್ಲಿ ಇದನ್ನೆಲ್ಲ ಯಾರು ಹೇಳ್ತಾರೆ.

ಕೊನೆಗೆ ನಿಂತದ್ದು ಓಪನ್‌ನ್ಯೂಮಿಸ್ಮ್ಯಾಟ್ ಹತ್ತಿರ. ಓಪನ್ ಸೋರ್ಸು, ಪೈಥಾನಿನಲ್ಲಿ ಬರೆದದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ನೋಡೋಕೆ ತಾಲ್ಲೂಕಾಫೀಸಿನ ಕಂಪ್ಯೂಟರ್ ಇದ್ದ ಹಾಗಿದೆ. ತೆರೆದ ಕೂಡಲೇ ಅಷ್ಟೊಂದು ಖಾನೆಗಳು ಮೈಮೇಲೆ ಬೀಳುತ್ತವೆ, ಅರ್ಧ ದಿನ ಬೇಡದ್ದನ್ನೆಲ್ಲ ಮುಚ್ಚುವುದರಲ್ಲೇ ಹೋಯಿತು. ಫೋಟೋ ಹಾಕಿದರೆ ಫೋನಿನ ಹಾಗೆ ತಾನೇ ಹಿನ್ನೆಲೆ ಕತ್ತರಿಸಿ ಚೆಂದ ಮಾಡಿಕೊಡುತ್ತೆ ಅಂದುಕೊಂಡು ಕೂತರೆ ಕೂತೇ ಇರಬೇಕು. ಆದರೂ ಅದನ್ನೇ ಇಟ್ಟುಕೊಂಡೆ. ಕಾರಣ ಎರಡೇ. ಖಾಲಿ ಬಿಟ್ಟ ಖಾನೆಯನ್ನು ಅದು ಖಾಲಿಯಾಗೇ ಇಟ್ಟುಕೊಳ್ಳುತ್ತೆ, ತನ್ನ ಬುದ್ಧಿವಂತಿಕೆ ತುಂಬಿಸೋಕೆ ಬರಲ್ಲ. ಮತ್ತೆ ಫೋಟೋ ಸಮೇತ ಇಡೀ ಸಂಗ್ರಹ ಒಂದೇ ಒಂದು ಎಸ್‌ಕ್ಯೂಲೈಟ್ ಫೈಲು. ಕಾಪಿ ಮಾಡಿದರೆ ಬ್ಯಾಕಪ್ ಆಯಿತು. ನಾಳೆ ಈ ಸಾಫ್ಟ್‌ವೇರ್ ಬರೆಯೋರು ಬೇಜಾರಾಗಿ ಬಿಟ್ಟುಬಿಟ್ಟರೂ ಆ ಫೈಲನ್ನು ಬೇರೆ ಯಾವುದರಲ್ಲಾದರೂ ತೆರೆಯಬಹುದು, ಚಂದಾ ಕೇಳೋರಿಲ್ಲ.

ಇಲ್ಲ ಮತ್ತು ಗೊತ್ತಿಲ್ಲದ ಜಗಳ ಅಲ್ಲೂ ತಾನಾಗಿ ಬಗೆಹರಿಯಲ್ಲ. ಕಲ್ಕತ್ತದ ನಾಣ್ಯಕ್ಕೆ "ಗುರುತಿಲ್ಲ" ಅಂತ ಕನ್ನಡದಲ್ಲೇ ಬರೆದೆ, ನೋಡದೇ ಇರೋದನ್ನು ಖಾಲಿ ಬಿಟ್ಟೆ. ಬೆಲೆಯ ಖಾನೆಯನ್ನು ಮುಚ್ಚಿಯೇ ಬಿಟ್ಟೆ.

ಮೂರನೇ ವಾರ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಹೋದೆ. ಚಿಕ್ಕಪ್ಪನನ್ನು ಮನೆಗೆ ಕರೆದೆ. ಬಂದರು, ಚಿಕ್ಕಮ್ಮನ್ನೂ ಕರೆದುಕೊಂಡು ಬಂದರು, ಸಾಕ್ಷಿಗೆ ಇರಬೇಕು. ರಾಮಟಂಕದ ಕತೆ ಹೇಳೋಕೆ ಶುರು ಮಾಡಿದ್ದೆ. ಅಪ್ಪ ಎದ್ದು ಒಳಗೆ ಹೋಗಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ನನ್ನ ಮುಂದೆ ಹಾಕಿದರು. ತಾತ ತೀರಿಕೊಂಡ ವರ್ಷ ಡಬ್ಬದಲ್ಲಿದ್ದ ಒಂದೊಂದು ಕಾಸನ್ನೂ ಅಪ್ಪ ಅದರಲ್ಲಿ ಬರೆದಿಟ್ಟಿದ್ದರು. ನಂಬರು, ಏನು, ಯಾರಿಂದ ಬಂತು, ಇಷ್ಟೇ ಕಾಲಮ್ಮು. 61ನೇ ನಂಬರಿನ ಮುಂದೆ: "ರಾಮರ ಟಂಕ. ಅಪ್ಪ ವೈರಮುಡಿ ಜಾತ್ರೇಲಿ 2 ರೂ.ಗೆ ಕೊಂಡದ್ದು. ನಿಜವೋ ಸುಳ್ಳೋ ತಿಳಿಯದು." ಆನೆ ಕಾಸಿನ ಮುಂದೆ: "ಆನೆ. ಯಾರದೋ."

"ಇದಿತ್ತು ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಅಪ್ಪ?" ಅಂದೆ.

"ನೀ ಕೇಳ್ದಾ? ಫೋನ್ ಕೇಳ್ದೆ, ಅದು ಹೇಳ್ತು," ಅಂದರು.

ಚಿಕ್ಕಪ್ಪ ಪುಸ್ತಕ ಎಳೆದುಕೊಂಡು ಕನ್ನಡಕ ಹುಡುಕಿ ಹಾಕಿಕೊಂಡು ಓದುತ್ತಾ ಹೋದರು. ಒಂದು ಕಡೆ ನಿಂತರು. ಡಬ್ಬದೊಳಗೆ ಕೈ ಹಾಕಿ ಕೆದಕಿ ತೂತಿನ ಕಾಸೊಂದನ್ನು ತೆಗೆದರು. 1943ರಿಂದ 47ರ ತನಕ ಬಂದದ್ದು, ತಾಮ್ರ ಉಳಿಸೋಕೆ ಮಧ್ಯ ಕೊರೆದದ್ದು. ಆಪು ಇದಕ್ಕೆ ಎಷ್ಟು ಬೆಲೆ ಹೇಳಿತ್ತೋ ನೆನಪಿಲ್ಲ, ಹೆಚ್ಚೇನಿಲ್ಲ.

"ಅಣ್ಣಯ್ಯ, ಇದು ಬರ್ದೇ ಇಲ್ವಲ್ಲ ನೀನು. ಇದು ನಾನು ನುಂಗಿದ್ದ ಕಾಸು ಕಣಪ್ಪ."

"ಅದ್ನ ಹೆಂಗ್ಲಾ ಬರೀಲಿ? ಎಲ್ಲಿಂದ ಬಂತು ಅಂತ ಬರೀಬೇಕಲ್ಲ ಆ ಕಾಲಮ್ಮಲ್ಲಿ," ಅಂದರು ಅಪ್ಪ.

ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನಿಲ್ಲಿಸೋಕೆ ಐದು ನಿಮಿಷ ಬೇಕಾಯಿತು. ಎರಡು ದಿನ ಮನೆಮಂದಿಯೆಲ್ಲ ಕಾಸು ಎಣಿಸುತ್ತಾ ಹೆಸರಿಟ್ಟರಂತೆ, ತಾತ ಅಂಗಡಿ ಮುಚ್ಚಿ ಕೂತಿದ್ದರಂತೆ, ಅಜ್ಜಿ ಬಾಳೆಹಣ್ಣು ತಿನ್ನಿಸಿ ತಿನ್ನಿಸಿ ಹರಕೆ ಹೊತ್ತಿದ್ದರಂತೆ. ಓಪನ್‌ನ್ಯೂಮಿಸ್ಮ್ಯಾಟ್‌ನಲ್ಲಿ ಟಿಪ್ಪಣಿ ಅಂತ ಒಂದು ದೊಡ್ಡ ಖಾನೆ ಇದೆ, ಎಷ್ಟು ಬೇಕಾದರೂ ಬರೆಯಬಹುದು. ಚಿಕ್ಕಪ್ಪ ಹೇಳಿದ್ದನ್ನೆಲ್ಲ ಅದರಲ್ಲಿ ಬರೆದೆ. ಪಾಲಿನ ಮಾತು ಆ ದಿನ ಬರಲಿಲ್ಲ. ಮುಂದೆ ಬರಲ್ಲ ಅಂತ ಹೇಳೋಕಾಗಲ್ಲ.

ಬೆಂಗಳೂರಿಗೆ ಬಂದು ಪೂರ್ತಿ ಪಟ್ಟಿಯನ್ನು ಪ್ರಿಂಟ್ ತೆಗೆದು ಅಪ್ಪನಿಗೆ ಕಳಿಸಿದೆ, ತಪ್ಪಿದ್ದರೆ ತಿದ್ದಿ ಅಂತ. ಹದಿನೈದು ದಿನಕ್ಕೆ ವಾಪಸ್ ಬಂತು. ಟಂಕಸಾಲೆಯ ಗುರುತಿನ ಖಾನೆ ಖಾಲಿ ಇದ್ದ ಕಡೆಯೆಲ್ಲ ನೀಲಿ ಪೆನ್ನಿನಲ್ಲಿ ಒಂದೊಂದಾಗಿ ಬರೆದಿದ್ದಾರೆ: "ನೋಡಿಲ್ಲ. ಕಣ್ಣಿನ ಆಪರೇಶನ್ ಆದ್ಮೇಲೆ ನೋಡ್ತೀನಿ."